ಬಿಲ್ಲಿನಿಂದ ಹಿಂದಕ್ಕೆ: ಮನೆಯ ಕರೆಂಟಿನ ಜಾಡು ಹಿಡಿಯುವುದು ಹೇಗೆ?

ದೀಪ ಆರಿದೊಡನೆ ನಮ್ಮಲ್ಲಿ ಬಹುತೇಕರ ಬಾಯಿಗೆ ಬರುವ ಮಾತು ‘ಕೆಇಬಿಯವರು ಕರೆಂಟ್ ತೆಗೆದರು’ ಎಂಬುದು. 1957ರಲ್ಲಿ ರಚನೆಯಾದ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲೇ ಇಲ್ಲವಾಗಿದೆ. ಅದರ ಹೆಸರು ಮಾತ್ರ ಜನರ ನಾಲಗೆಯ ಮೇಲೆ ಉಳಿದಿದೆ. ಅಂದು ಒಂದೇ ಮಂಡಳಿ ಮಾಡುತ್ತಿದ್ದ ಕೆಲಸವನ್ನು ಇಂದು ಬೇರೆ ಬೇರೆ ಸಂಸ್ಥೆಗಳು ಹಂಚಿಕೊಂಡಿವೆ. ಯಾವ ಕೆಲಸ ಯಾರದು ಎಂಬುದು ತಿಳಿಯದಿದ್ದರೆ ದೂರು ತಪ್ಪು ಬಾಗಿಲಿಗೆ ಹೋಗುತ್ತದೆ, ದರ ಏರಿದಾಗ ಯಾರನ್ನು ಕೇಳಬೇಕೆಂಬುದೂ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಮನೆಯ ಬಿಲ್ಲಿನಿಂದ ಹೊರಟು ತಂತಿಯ ಜಾಡಿನಲ್ಲಿ ಹಿಂದಕ್ಕೆ ನಡೆಯುವುದೇ ಸುಲಭದ ದಾರಿ.

ಹೆಜ್ಜೆ 1: ಬಿಲ್ಲನ್ನು ಪೂರ್ತಿಯಾಗಿ ಓದಿ

ಮೊದಲು ಆರ್‌ಆರ್ ನಂಬರ್ ಗುರುತಿಸಿಕೊಳ್ಳಿ. ನಿಮ್ಮ ಮನೆಯ ಸಂಪರ್ಕ ವಿದ್ಯುತ್ ಕಚೇರಿಯ ಕಡತಗಳಲ್ಲಿ ಇರುವುದು ಆ ಸಂಖ್ಯೆಯಿಂದಲೇ. ಬಳಿಕ ಬಿಲ್ ಕೊಟ್ಟವರ ಹೆಸರು ನೋಡಿ. ಬೆಂಗಳೂರು, ತುಮಕೂರು, ದಾವಣಗೆರೆಯ ಕಡೆಯವರಿಗೆ ಬೆಸ್ಕಾಂ, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಮೈಸೂರು, ಮಂಡ್ಯ, ಹಾಸನ, ಕೊಡಗಿನವರಿಗೆ ಸೆಸ್ಕ್, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಹೆಸ್ಕಾಂ, ಕಲಬುರಗಿಯ ಜೆಸ್ಕಾಂ. ಈ ಐದೂ ಸರ್ಕಾರಿ ವಿತರಣಾ ಕಂಪನಿಗಳು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಮಾತ್ರ ಗ್ರಾಹಕರೇ ಸದಸ್ಯರಾಗಿರುವ ಸಹಕಾರ ಸಂಘವೊಂದು ಈ ಕೆಲಸ ಮಾಡುತ್ತಿದೆ.

ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಮೊತ್ತಗಳಿರುತ್ತವೆ. ಬಳಸಿದ ಯೂನಿಟ್‌ಗಳಿಗೆ ಕೊಡುವ ಹಣ ಒಂದು. ಎರಡು ಕಿಲೋವಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಖರ್ಚಾಗುತ್ತದೆ. ಇನ್ನೊಂದು ನಿಗದಿತ ಶುಲ್ಕ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಮಂಜೂರಾದ ಲೋಡ್‌ಗೆ ತಕ್ಕಂತೆ ಅದನ್ನು ಕಟ್ಟಲೇಬೇಕು. ಇದು ಅನೇಕರಿಗೆ ಅನ್ಯಾಯವೆಂದು ತೋರುತ್ತದೆ. ಆದರೆ ನಿಮ್ಮ ಬಿಲ್ಲಿನ ಈ ಎರಡು ಭಾಗಗಳಿಗೆ ಉದ್ಯಮದ ಇನ್ನೊಂದು ತುದಿಯಲ್ಲೂ ಜೋಡಿ ಇದೆ. ವಿತರಣಾ ಕಂಪನಿಯು ಉಷ್ಣ ಸ್ಥಾವರದಿಂದ ವಿದ್ಯುತ್ ಕೊಳ್ಳುವಾಗ, ಸ್ಥಾವರವನ್ನು ಸಿದ್ಧವಾಗಿ ಇಟ್ಟದ್ದಕ್ಕೆ ಒಂದು ಬೆಲೆ, ಅಲ್ಲಿ ಸುಟ್ಟ ಕಲ್ಲಿದ್ದಲಿಗೆ ಇನ್ನೊಂದು ಬೆಲೆ ತೆರುತ್ತದೆ. ವಿದ್ಯುತ್ ಬೇಡವೆಂದ ದಿನವೂ ಮೊದಲನೆಯದು ತಪ್ಪುವುದಿಲ್ಲ. ಇದರ ಮೇಲೆ ಇಂಧನದ ಬೆಲೆ ಏರಿಳಿದಾಗಿನ ಹೊಂದಾಣಿಕೆ ಶುಲ್ಕ ಮತ್ತು ರಾಜ್ಯ ಸರ್ಕಾರಕ್ಕೆ ಸಲ್ಲುವ ತೆರಿಗೆ ಸೇರುತ್ತವೆ. 2023ರಲ್ಲಿ ಜಾರಿಯಾದ ಗೃಹಜ್ಯೋತಿಯಲ್ಲಿ ‘ಶೂನ್ಯ ಬಿಲ್’ ಬಂದವರ ವಿದ್ಯುತ್ತಿಗೂ ಬೆಲೆಯಿದೆ. ಅದನ್ನು ಸರ್ಕಾರ ಸಹಾಯಧನವಾಗಿ ವಿತರಣಾ ಕಂಪನಿಗೆ ಕೊಡಬೇಕು.

ಹೆಜ್ಜೆ 2: ಬೀದಿಯ ಟಿಸಿಯಿಂದ ಸಬ್‌ಸ್ಟೇಷನ್ನಿಗೆ

ಮನೆಯ ಮುಂದಿನ ತಂತಿ ಹಿಡಿದು ನಡೆದರೆ ಸಿಗುವುದು ಟ್ರಾನ್ಸ್‌ಫಾರ್ಮರ್, ಹಳ್ಳಿಯವರ ಮಾತಿನಲ್ಲಿ ಟಿಸಿ. 25, 63, 100 ಕೆವಿಎ ಎಂದು ಅದರ ಸಾಮರ್ಥ್ಯ ಬರೆದಿರುತ್ತದೆ. ಸಬ್‌ಸ್ಟೇಷನ್ನಿನಿಂದ ಹೊರಟು ಅದರ ಮೇಲೆ ಹಾದುಬಂದ 11 ಕೆ.ವಿ. ಮಾರ್ಗವೇ ಫೀಡರ್, ಪ್ರತಿ ಫೀಡರಿಗೂ ಒಂದು ಹೆಸರಿರುತ್ತದೆ. ನಿಮ್ಮ ಫೀಡರಿನ ಹೆಸರನ್ನು ಲೈನ್‌ಮನ್ ಬಳಿ ಕೇಳಿ ಬರೆದಿಟ್ಟುಕೊಳ್ಳಿ. 1912ಕ್ಕೆ ಕರೆ ಮಾಡಿ ‘ನಮ್ಮ ಏರಿಯಾದಲ್ಲಿ ಕರೆಂಟ್ ಇಲ್ಲ’ ಎನ್ನುವುದಕ್ಕಿಂತ ‘ಟಿಸಿಯ ಒಂದು ಫೇಸ್ ಹೋಗಿದೆ’ ಅಥವಾ ‘ಫೀಡರೇ ಟ್ರಿಪ್ ಆಗಿದೆ’ ಎಂದರೆ ದುರಸ್ತಿಗೆ ಹೊರಡುವವರ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಪಕ್ಕದ ಮನೆಯಲ್ಲಿ ದೀಪವಿದೆಯೇ, ಬೀದಿಯಾಚೆ ಇದೆಯೇ ಎಂದು ನೋಡಿದರೆ ಇದನ್ನು ಯಾರಾದರೂ ಊಹಿಸಬಹುದು.

ಈ ಹಂತದಲ್ಲಿ ಎಲ್ಲರಿಗೂ ತಿಳಿದಿರಬೇಕಾದ ಸಂಗತಿಯೆಂದರೆ ‘ಎಲ್‌ಸಿ’, ಅಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮುನ್ನ ಸಬ್‌ಸ್ಟೇಷನ್ನಿನಲ್ಲಿ ಎಲ್‌ಸಿ ಕೇಳಬೇಕು. ಅಲ್ಲಿನ ಆಪರೇಟರ್ ಆ ಫೀಡರಿನ ಬ್ರೇಕರ್ ತೆಗೆದು, ಕೇಳಿದವರ ಹೆಸರು ಮತ್ತು ಗಂಟೆ ನಿಮಿಷವನ್ನು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಎಲ್‌ಸಿ ಪಡೆದವರೇ ಅದನ್ನು ಹಿಂದಿರುಗಿಸುವವರೆಗೆ, ಯಾರು ಎಷ್ಟೇ ಅವಸರ ಮಾಡಿದರೂ ಆ ಮಾರ್ಗಕ್ಕೆ ವಿದ್ಯುತ್ ಹರಿಸುವಂತಿಲ್ಲ. ಇಷ್ಟಾದರೂ ಲೈನ್‌ಮನ್ ಅರ್ತಿಂಗ್ ರಾಡಿನ ಒಂದು ತುದಿಯನ್ನು ಮೊದಲು ನೆಲಕ್ಕೆ ಕೊಟ್ಟು, ಬಳಿಕ ಇನ್ನೊಂದು ತುದಿಯನ್ನು ತಂತಿಗೆ ಸಿಕ್ಕಿಸಿದ ಮೇಲೆಯೇ ಕೈಯಿಡಬೇಕು. ಯಾವುದೋ ಮನೆಯವರು, ಮನೆಯನ್ನು ಬೀದಿಯ ತಂತಿಯಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಓಡಿಸಿದರೆ ಅದರ ವಿದ್ಯುತ್ ಟಿಸಿಯ ಮೂಲಕ ಹಿಮ್ಮುಖವಾಗಿ ಹರಿದು 11 ಕೆ.ವಿ. ತಂತಿಯಲ್ಲಿರುವವರ ಜೀವ ತೆಗೆಯಬಲ್ಲದು. ಜನರೇಟರ್ ಇರುವವರು ಆ ಸ್ವಿಚ್ಚನ್ನು ದಯವಿಟ್ಟು ಇಂದೇ ಪರೀಕ್ಷಿಸಿಕೊಳ್ಳಿ. ಬಿದ್ದ ತಂತಿಯನ್ನು, ಅದು ಸತ್ತಿದೆ ಎಂದೆನಿಸಿದರೂ, ಮುಟ್ಟಬೇಡಿ.

ಹೆಜ್ಜೆ 3: ಹೆದ್ದಾರಿಯಂಥ ಪ್ರಸರಣ ಮಾರ್ಗ

ಸಬ್‌ಸ್ಟೇಷನ್ನಿನಿಂದ ಹಿಂದಕ್ಕೆ ಹೊರಟರೆ ಕಾಣುವ 66, 110, 220 ಮತ್ತು 400 ಕೆ.ವಿ. ಗೋಪುರಗಳ ಮಾರ್ಗಗಳಲ್ಲಿ ಹೆಚ್ಚಿನವು ರಾಜ್ಯದ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ಗೆ ಸೇರಿದವು. ರಾಜ್ಯ ರಾಜ್ಯಗಳ ನಡುವಿನ ಮಾರ್ಗಗಳನ್ನು ಪ್ರಧಾನವಾಗಿ ಕೇಂದ್ರದ ಪವರ್ ಗ್ರಿಡ್ ನಿಗಮ ನೋಡಿಕೊಳ್ಳುತ್ತದೆ. ವೋಲ್ಟೇಜ್ ಏರಿಸಿದಷ್ಟೂ ಅದೇ ಶಕ್ತಿಯನ್ನು ಕಡಿಮೆ ಕರೆಂಟಿನಲ್ಲಿ ಸಾಗಿಸಬಹುದು, ತಂತಿ ಕಾದು ಆಗುವ ನಷ್ಟ ಕುಗ್ಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದ್ದರ ಹಿಂದೆಯೂ ಇದ್ದದ್ದು ಈ ಸೂತ್ರವೇ.

ಹೆಜ್ಜೆ 4: ಉತ್ಪಾದನೆ, ಮತ್ತು ಕ್ಷಣಕ್ಷಣದ ತೂಗಾಟ

ಜಾಡಿನ ಕೊನೆಗೆ ಸ್ಥಾವರಗಳಿವೆ. 1970ರಲ್ಲಿ ಹುಟ್ಟಿದ, ರಾಜ್ಯ ಸರ್ಕಾರದ ವಿದ್ಯುತ್ ಉತ್ಪಾದನಾ ನಿಗಮವಾದ ಕೆಪಿಸಿಎಲ್‌ನ ಕೈಯಲ್ಲಿ 1035 ಮೆಗಾವಾಟ್‌ನ ಶರಾವತಿ, 1720 ಮೆಗಾವಾಟ್‌ನ ರಾಯಚೂರು ಉಷ್ಣ ಸ್ಥಾವರ, ಬಳ್ಳಾರಿಯ ಉಷ್ಣ ಸ್ಥಾವರ ಮೊದಲಾದವು ಇವೆ. ಕೈಗಾದ ಅಣು ಸ್ಥಾವರ ಕೇಂದ್ರದ್ದು. ಪಾವಗಡದಲ್ಲಿ ರೈತರ ಜಮೀನನ್ನು ಗುತ್ತಿಗೆಗೆ ಪಡೆದು ಕಟ್ಟಿದ 2050 ಮೆಗಾವಾಟ್‌ನ ಸೌರ ಪಾರ್ಕ್ ಇದೆ.

ಈ ಉದ್ಯಮವು ಬೇರೆಲ್ಲ ಉದ್ಯಮಗಳಿಗಿಂತ ಭಿನ್ನವಾಗುವುದು ಇಲ್ಲಿಯೇ. ಭತ್ತವನ್ನು ಕಣಜದಲ್ಲಿ ತುಂಬಿಡಬಹುದು, ಪೆಟ್ರೋಲನ್ನು ಟ್ಯಾಂಕಿನಲ್ಲಿ ಇಡಬಹುದು. ವಿದ್ಯುತ್ತನ್ನು ಮಾತ್ರ ಬಹುಪಾಲು ಹುಟ್ಟಿದ ಕ್ಷಣದಲ್ಲೇ ಬಳಸಬೇಕು. ನೀವು ಸ್ವಿಚ್ ಒತ್ತಿದರೆ ಎಲ್ಲೋ ಒಂದು ಟರ್ಬೈನ್ ಅಷ್ಟರ ಮಟ್ಟಿಗೆ ಹೆಚ್ಚು ದುಡಿಯಬೇಕು. ಬೇಡಿಕೆ ಉತ್ಪಾದನೆಯನ್ನು ಮೀರಿದರೆ ಗ್ರಿಡ್‌ನ (ಸ್ಥಾವರ, ತಂತಿಗಳೆಲ್ಲ ಬೆಸೆದ ಜಾಲದ) ಆವರ್ತನ, ಅಂದರೆ ಕರೆಂಟು ಸೆಕೆಂಡಿಗೆ ಇಷ್ಟು ಬಾರಿ ಹಿಂದೆ ಮುಂದೆ ಆಡುವ ಲಯ, 50 ಹರ್ಟ್ಸ್‌ನಿಂದ ಕೆಳಗಿಳಿಯುತ್ತದೆ, ಉತ್ಪಾದನೆ ಮೀರಿದರೆ ಮೇಲೇರುತ್ತದೆ. ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ವಿಂಗಡಿಸಿ, ಯಾವ ತುಂಡಿನಲ್ಲಿ ಯಾವ ಸ್ಥಾವರದಿಂದ ಎಷ್ಟು ಎಂದು ಹಿಂದಿನ ದಿನವೇ ಲೆಕ್ಕ ಹಾಕುತ್ತಾರೆ.

ಸಂಜೆಯ ಹೊತ್ತನ್ನೇ ಗಮನಿಸಿ. ಪಾವಗಡದಲ್ಲಿ ಬಿಸಿಲು ಇಳಿಯುತ್ತಿದ್ದಂತೆ ಸೌರ ವಿದ್ಯುತ್ ಕರಗುತ್ತದೆ, ಅದೇ ವೇಳೆಗೆ ಮನೆಮನೆಗಳಲ್ಲಿ ದೀಪ, ಟಿ.ವಿ., ಮಿಕ್ಸಿ ಶುರುವಾಗುತ್ತವೆ. ತಣ್ಣಗಿರುವ ಉಷ್ಣ ಘಟಕವನ್ನು ಎಬ್ಬಿಸಲು ಗಂಟೆಗಟ್ಟಲೆ ಬೇಕು. ಶರಾವತಿಯ ಟರ್ಬೈನಿಗೆ ನೀರು ಬಿಟ್ಟರೆ ನಿಮಿಷಗಳಲ್ಲಿ ವಿದ್ಯುತ್ ಸಿದ್ಧ. ಆದ್ದರಿಂದ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರನ್ನು ಹಗಲೆಲ್ಲ ಖರ್ಚು ಮಾಡದೆ ಇಂಥ ಹೊತ್ತಿಗೆ ಕಾಯ್ದಿರಿಸುವುದೇ ಜಾಣತನ. ನೀರಾವರಿ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲಿ ತ್ರೀ ಫೇಸ್ ಕೊಡಲು ಒತ್ತು ಬಂದಿರುವುದಕ್ಕೂ ಸೌರ ವಿದ್ಯುತ್ತೇ ಮುಖ್ಯ ಕಾರಣ. ರಾತ್ರಿ ಹಾವು, ಕಾಡುಪ್ರಾಣಿಗಳ ನಡುವೆ ಗದ್ದೆಗೆ ನೀರು ಹಾಯಿಸಿದವರಿಗೆ ಈ ಬದಲಾವಣೆಯ ಬೆಲೆ ಗೊತ್ತು.

ತೂಕ ತಪ್ಪಿದರೆ ಏನಾಗುತ್ತದೆ ಎಂಬುದು 2012ರ ಜುಲೈ 30 ಮತ್ತು 31ರಂದು ಗೊತ್ತಾಯಿತು. ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತ ಕತ್ತಲಲ್ಲಿ ಮುಳುಗಿದರೂ ದಕ್ಷಿಣದ ಗ್ರಿಡ್ ಉಳಿದುಕೊಂಡಿತು, ಏಕೆಂದರೆ ಅದು ಆಗ ಉಳಿದ ದೇಶದ ಲಯಕ್ಕೆ ನೇರವಾಗಿ ಬೆಸೆದಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಆ ಬೆಸುಗೆ ಹಾಕಿತು. ಈಗ ಕೊರತೆಯಾದಾಗ ದೂರದ ರಾಜ್ಯಗಳಿಂದ ತರಿಸಿಕೊಳ್ಳಬಹುದು. ಶಿಸ್ತು ತಪ್ಪಿದರೆ ಆಗುವ ಅಪಾಯದಲ್ಲೂ ಎಲ್ಲರೂ ಪಾಲುದಾರರು.

ಹೆಜ್ಜೆ 5: ದರ ಗೊತ್ತುಪಡಿಸುವವರ ಮುಂದೆ ಮಾತನಾಡಿ

ದರವನ್ನು ಇಂಧನ ಸಚಿವರಾಗಲಿ ವಿತರಣಾ ಕಂಪನಿಯಾಗಲಿ ತಾವಾಗಿಯೇ ಏರಿಸಲಾರರು. ಕಂಪನಿಗಳು ತಮ್ಮ ಖರ್ಚುವೆಚ್ಚದ ಅರ್ಜಿಯನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಸಲ್ಲಿಸುತ್ತವೆ. ಆಯೋಗವು ಆಕ್ಷೇಪಣೆಗಳನ್ನು ಕರೆದು, ಸಾರ್ವಜನಿಕ ವಿಚಾರಣೆ ನಡೆಸಿ ಆದೇಶ ಹೊರಡಿಸುತ್ತದೆ. ಈ ವಿಚಾರಣೆಯ ಪ್ರಕಟಣೆ ಪತ್ರಿಕೆಗಳಲ್ಲೇ ಬರುತ್ತದೆ, ಆದರೂ ಮನೆಬಳಕೆದಾರರು ಅಲ್ಲಿಗೆ ಹೋಗುವುದು ತೀರ ಕಡಿಮೆ. ಕೇಳಬೇಕಾದ ಪ್ರಶ್ನೆಗಳಿಗೇನೂ ಬರವಿಲ್ಲ. ಉದಾಹರಣೆಗೆ, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇದೆ, ಅವುಗಳಲ್ಲಿ ಹೆಚ್ಚಿನವಕ್ಕೆ ಮೀಟರ್ ಇಲ್ಲ; ಬಳಕೆಯನ್ನು ಅಂದಾಜಿನಿಂದ ಹೇಳಿದಾಗ ಸೋರಿಕೆ ಮತ್ತು ಕಳ್ಳತನವೂ ರೈತರ ಲೆಕ್ಕಕ್ಕೆ ಸೇರುವ ಸಾಧ್ಯತೆಯಿದೆ. ಉಚಿತ ವಿದ್ಯುತ್ ಮುಂದುವರಿಯಲಿ, ಆದರೆ ಅಳತೆ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಬ್ಬೊಬ್ಬರ ದೂರಿಗೆ ದಾರಿ ಬೇರೆ. ಶಾಖಾ ಕಚೇರಿ ಮತ್ತು ಉಪವಿಭಾಗದಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲೂ ಸಮಾಧಾನವಾಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಎಲ್ಲಿಗೆ ಹೋಗುವುದಿದ್ದರೂ ಆರ್‌ಆರ್ ನಂಬರ್, ಫೀಡರಿನ ಹೆಸರು, ಕರೆಂಟ್ ಹೋದ ಮತ್ತು ಬಂದ ದಿನಾಂಕ, ಗಂಟೆ, 1912ರಲ್ಲಿ ಕೊಟ್ಟ ದೂರಿನ ಸಂಖ್ಯೆ ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಜೊತೆಗೆ ಒಯ್ಯಿರಿ.