ಮದ್ದಳೆ ಬಿಟ್ಟು ಟ್ಯಾಪ್ ಶೂ ಹಾಕಿದ್ದು

ನಂಗೀಗ 61. ಊರು ಬದಿಯಡ್ಕದ ಹತ್ತಿರ, ಸ್ವಲ್ಪ ಅಡಿಕೆ ತೋಟ ಉಂಟು, ಒಂದಿಪ್ಪತ್ತೈದು ವರ್ಷ ಊರಿನ ತಾಳಮದ್ದಳೆ ಕೂಟಗಳಲ್ಲಿ ಮದ್ದಳೆ ಬಾರಿಸ್ತಿದ್ದೆ, ದೊಡ್ಡ ಮದ್ದಳೆಗಾರ ಅಂತ ಅಲ್ಲ ಮತ್ತೆ, ಮುಖ್ಯದವರು ಬಾರದ ದಿವಸ ಫೋನ್ ಬರ್ತಿತ್ತು ಅಷ್ಟೆ. ಗುರುಗಳು ಕೊನೆವರೆಗೂ ಬೈದದ್ದು ಒಂದೇ ವಿಷಯಕ್ಕೆ: "ಬಲಗೈ ಉಣ್ಣುವಾಗ ಎಡಗೈ ಸುಮ್ಮನೆ ಕೂತಿರ್ತದಲ್ಲ, ನಿಂದು ಮದ್ದಳೆಯಲ್ಲೂ ಹಾಗೇ."

55 ದಾಟಿದ ಮೇಲೆ ಬೆರಳಿನ ಗಂಟುಗಳು ನೋಯ್ಲಿಕ್ಕೆ ಶುರುವಾಯ್ತು. ಮದ್ದಳೆ ಅಟ್ಟಕ್ಕೆ ಹೋಯ್ತು. ಆಗೊಂದು ಸಲ ಅಕ್ಕನ ಮಗಳು ಮನೆಗೆ ಬಂದವಳು ಜಗಲಿಯಲ್ಲಿ ಮೊಬೈಲ್ ಇಟ್ಕೊಂಡು ಏನೋ ನೋಡ್ತಿದ್ಲು, ಒಳಗಿದ್ದ ನಂಗೆ ಯಾರೋ ಗಟ್ಟಿಗ ಬಾರಿಸ್ತಿದ್ದಾನೆ ಅಂತ ಕೇಳಿಸ್ತು, ಬಂದು ನೋಡಿದ್ರೆ ಡ್ರಮ್ಮೂ ಇಲ್ಲ ಎಂತದೂ ಇಲ್ಲ, ಎರಡು ಶೂ! ಟ್ಯಾಪ್ ಡ್ಯಾನ್ಸ್ ಅಂತೆ, ಶೂವಿನ ತಳಕ್ಕೆ ಲೋಹದ ಪ್ಲೇಟ್ ಹಾಕಿ ಕಾಲಲ್ಲೇ ತಾಳ ಬಾರಿಸುವ ಕುಣಿತ. ಅವತ್ತೇ ತಲೆಗೆ ಹತ್ತಿತು.

ಶೂ ಹುಡುಕಿದ್ದೇ ಒಂದು ಕತೆ. ಹಳೇ ಲೆದರ್ ಶೂ ತಗೊಂಡು ಹೋಗಿ, ಮುಂದೆ ಹಿಂದೆ ಲಾಳ ಹೊಡೆದು ಕೊಡಿ ಅಂದ್ರೆ ಚಪ್ಪಲಿ ರಿಪೇರಿಯವರು "ನಿಮಗೋ, ಎತ್ತಿಗೋ?" ಅಂತ ಕೇಳಿದ್ರು. ಅದರ ಶಬ್ದ ಬಕೆಟ್ ಬಡಿದ ಹಾಗಿತ್ತು. ಆಮೇಲೆ ಅಕ್ಕನ ಮಗಳೇ ನಿಜವಾದ ಟ್ಯಾಪ್ ಪ್ಲೇಟ್ ತರಿಸಿಕೊಟ್ಲು, ಸ್ಕ್ರೂ ಹಾಕಿ ಕೂರಿಸುವಂಥದ್ದು. ಸ್ಕ್ರೂ ಒಂಚೂರು ಸಡಿಲ ಮಾಡಿದ್ರೆ ನಾದ ಬೇರೆ, ಬಿಗಿ ಮಾಡಿದ್ರೆ ಬೇರೆ, ಮದ್ದಳೆ ಶ್ರುತಿ ಮಾಡಿದ ಹಾಗೇ. ಅದರಲ್ಲೇ ಒಂದು ವಾರ ಹೋಯ್ತು.

ನೆಲದ ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೇನೆ, ಸಿಮೆಂಟಿನ ಮೇಲೆ ಮಾಡ್ಬೇಡಿ. ನಾನು ಮಾಡಿದೆ, ನಮ್ಮ ಕಾವಿ ನೆಲದ ಎರಡು ಕಡೆ ಸಿಪ್ಪೆ ಎದ್ದು ಮನೆಯವಳ ಹತ್ರ ಬೈಸಿಕೊಂಡೆ, ಮೊಣಕಾಲೂ ಹಿಡ್ಕೊಂಡಿತು. ಈಗ ನಾಲ್ಕಡಿ ನಾಲ್ಕಡಿಯ 18 ಎಂಎಂ ಪ್ಲೈವುಡ್, ಅದರ ಕೆಳಗೆ ಪಕ್ಕದ ತೋಟದ ರಬ್ಬರ್ ಶೀಟು. ಜೂನ್ ಬಂತು ಅಂದ್ರೆ ಅದೂ ಥಂಡಿ ಹಿಡಿದು ಬದಬದ ಅಂತದೆ, ಎಂತ ಮಾಡುವುದು.

ಪಾಠ ಎಲ್ಲ ವಿಡಿಯೋ ನೋಡಿಯೇ. ಶಫಲ್ ಅಂದ್ರೆ ಮುಂಗಾಲನ್ನು ಮುಂದೆ ಒಮ್ಮೆ ಹಿಂದೆ ಒಮ್ಮೆ ಸವರುವುದು, ಎರಡು ಶಬ್ದ. ಅದಕ್ಕೊಂದು ಹೆಜ್ಜೆ ಸೇರಿಸಿದ್ರೆ ಮೂರು, ನಾನು ಬಾಯಲ್ಲಿ ತಕಿಟ ಅಂತ ಹೇಳ್ಕೊಂಡೆ. ಕ್ರ್ಯಾಂಪ್ ರೋಲ್ ಅಂದ್ರೆ ಮುಂಗಾಲು ಮುಂಗಾಲು ಹಿಮ್ಮಡಿ ಹಿಮ್ಮಡಿ, ತಕಧಿಮಿ. ಆಹಾ ಇಷ್ಟೇನಾ ಅಂತ ಕಂಡಿತು. ಆದ್ರೆ ಶಬ್ದ ಬರುದಿಲ್ಲ! ನಾವು ನೋಡಿ ಬೆಳೆದದ್ದು ತೆಂಕುತಿಟ್ಟು ಯಕ್ಷಗಾನದ ಕುಣಿತ, ನೆಲ ನಡುಗುವ ಹಾಗೆ ಕಾಲು ಊರಿದ್ರೇ ವೇಷಕ್ಕೊಂದು ಗತ್ತು. ಇಲ್ಲಿ ಜೋರು ಕೊಟ್ಟಷ್ಟೂ ಶಬ್ದ ಸಾಯ್ತದೆ. ಪಾದದ ಗಂಟು ಬಟ್ಟೆಯ ಹಾಗೆ ಸಡಿಲ ಬಿಡ್ಬೇಕು, ಮೊಣಕಾಲು ಸ್ವಲ್ಪ ಬಗ್ಗಿರ್ಬೇಕು. ಮದ್ದಳೆಯಲ್ಲಿ ಮಣಿಕಟ್ಟು ಬಿಗಿ ಹಿಡಿದ್ರೆ ಹೇಗೆ ನಾದ ಬರುದಿಲ್ವೋ ಅದೇ ಸಂಗತಿ, ಗೊತ್ತಿದ್ದದ್ದೇ, ಕಾಲಿಗೆ ಗೊತ್ತಾಗ್ಲಿಕ್ಕೆ ಎಂಟು ತಿಂಗಳು.

ಅದಕ್ಕಿಂತ ಕಷ್ಟ ಸ್ವಿಂಗ್, ಅಂದ್ರೆ ಜಾಝ್ ಸಂಗೀತದ ಆ ಓಲಾಡುವ ನಡೆ. ತಕಿಟದ ನಡುವಿನ "ಕಿ" ನುಂಗಿ ತ..ಟ ತ..ಟ ಅಂತ ಹೋಗ್ತದೆ, ಒತ್ತು ಬೀಳುವುದು ನಾಲ್ಕರಲ್ಲಿ ಎರಡನೇದಕ್ಕೆ, ನಾಲ್ಕನೇದಕ್ಕೆ. ಒಂದಕ್ಕೆ ಗಟ್ಟಿ ಪೆಟ್ಟು ಹಾಕಿ ಅಭ್ಯಾಸ ಆದವನಿಗೆ ಎಡಗೈಯಲ್ಲಿ ಊಟ ಮಾಡಿದ ಹಾಗೆ. ಈಗ್ಲೂ ಅರ್ಧ ದಿವಸ ಕೈಕೊಡ್ತದೆ.

ಇದರ ಮೂಲ ಓದಿದಾಗ ಸುಮ್ಮನೆ ಕೂತುಬಿಟ್ಟೆ. 1739ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ರು, ಮರುವರ್ಷವೇ ಅವರು ಡೋಲು ಬಾರಿಸಬಾರದು ಅಂತ ಕಾನೂನು ಬಂತು. ಕೈಗೆ ಡೋಲಿಲ್ಲದೆ ತಾಳ ಕಾಲಿಗೆ ಇಳಿಯಿತು, ಐರಿಷ್ ಜಿಗ್, ಇಂಗ್ಲೆಂಡಿನ ಮರದ ಶೂ ಕುಣಿತ ಎಲ್ಲ ಸೇರಿ ಈ ಟ್ಯಾಪ್ ಆದದ್ದು ಅಂತ ಹೇಳ್ತಾರೆ. ಅವರ ಕಷ್ಟದ ಎದುರು ನನ್ನ ಗಂಟುನೋವು ಯಾವ ಲೆಕ್ಕ. ಬಿಲ್ ರಾಬಿನ್ಸನ್ ಅಂತ ಅಮೆರಿಕದ ದೊಡ್ಡ ಟ್ಯಾಪ್ ಕುಣಿತಗಾರ ಒಬ್ರು, ಹುಟ್ಟಿದ್ದು 1878ರ ಮೇ 25, 61ನೇ ಹುಟ್ಟುಹಬ್ಬಕ್ಕೆ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ಟ್ಯಾಪ್ ಮಾಡ್ತಾ ಹೋದ್ರಂತೆ. ನಾನು ಬದಿಯಡ್ಕ ಪೇಟೆಯಲ್ಲಿ ಹಾಗೆ ಹೋದ್ರೆ ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ.

ವಿಡಿಯೋದ ಸ್ಟೆಪ್ ಬಿಟ್ಟು ನಂದೇ ಅಂತ ಏನಾದ್ರೂ ಬಂದದ್ದು ಹೋದ ಮಳೆಗಾಲ. ಕೂಟದ ಹಳೇ ಗೆಳೆಯ ಬಂದವ ಅಟ್ಟದಿಂದ ಮದ್ದಳೆ ಇಳಿಸಿದ, ಅವ ನಾಲ್ಕು ಆವರ್ತ ಬಾರಿಸುದು, ನಾನು ಪ್ಲೈವುಡ್ ಮೇಲೆ ನಾಲ್ಕು ಆವರ್ತ ಉತ್ತರ ಕೊಡುದು, ಟ್ಯಾಪ್‌ನವರೂ ಹೀಗೆ ಕೊಟ್ಟು ತಗೊಳ್ತಾರೆ. ಮೊದಲು ಅವ ಬಾರಿಸಿದ್ದನ್ನೇ ಕಾಪಿ ಹೊಡೆದೆ, ಆಮೇಲೆ ಯಾವಾಗ ಅಂತ ಗೊತ್ತಿಲ್ಲ, ಅವ ಬಿಟ್ಟ ಜಾಗದಲ್ಲಿ ಕಾಲು ತಾನೇ ಏನೋ ಹೇಳ್ಲಿಕ್ಕೆ ಶುರು ಮಾಡಿತು, ಮದ್ದಳೆಯಲ್ಲಿ ಅಷ್ಟು ವರ್ಷದಲ್ಲಿ ನಂಗೆ ಒಮ್ಮೆಯೂ ಹಾಗೆ ಆಗಿರ್ಲಿಲ್ಲ, ಮುಕ್ಕಾಲು ಗಂಟೆ ಹೋದದ್ದು ಇಬ್ರಿಗೂ ಗೊತ್ತಾಗ್ಲಿಲ್ಲ. ಚಾ ಕುಡೀತಾ ಅವ ಹೇಳಿದ, "ಚಂದ ಉಂಟು ಮಾರಾಯ. ಆದ್ರೆ ನಿನ್ನ ಎಡಗಾಲು ಉಂಟಲ್ಲ, ಆ ಎಡಗೈಯದ್ದೇ ತಮ್ಮ."

ಈಗ ದಿನಾ ಬೆಳಿಗ್ಗೆ ಹತ್ತು ನಿಮಿಷ ಎಡಗಾಲಿನ ಶಫಲ್ ಮಾತ್ರ.