ಉಚಿತ ತಂತ್ರಾಂಶದ ಖರ್ಚು: ಸೇವಾಸಂಸ್ಥೆಗಳು ಲೆಕ್ಕ ಹಾಕುವುದು ಹೇಗೆ?

ದಾನಿಗಳ ಪಟ್ಟಿ ಮೂರು ಎಕ್ಸೆಲ್ ಕಡತಗಳಲ್ಲಿ ಚದುರಿಹೋಗಿ, ಒಬ್ಬರಿಗೇ ಎರಡೆರಡು ರಸೀದಿ ಹೋಗತೊಡಗಿದಾಗ ಹೊಸ ತಂತ್ರಾಂಶದ ಮಾತು ಬರುತ್ತದೆ. ಹುಡುಕಾಟಕ್ಕೆ ಇಳಿಯುವ ಮೊದಲು ಒಂದು ವಾರ ಬರೆದಿಡಿ: ರಸೀದಿಗೆ ಎಷ್ಟು ಗಂಟೆ, ವರದಿಗೆ ಎಷ್ಟು, ಒಂದೇ ಹೆಸರನ್ನು ಎಷ್ಟು ಕಡೆ ಟೈಪ್ ಮಾಡುತ್ತೀರಿ. ಈ ಹಾಳೆ ಕೈಯಲ್ಲಿಲ್ಲದೆ ಡೆಮೊ ನೋಡಲು ಕೂತರೆ ಬೇಡದ್ದೂ ಬೇಕೆನಿಸುತ್ತದೆ.

ಆಮೇಲೆ ಮೂರು ವರ್ಷದ ಖರ್ಚು ಕೂಡಿಸಿ. ಚಂದಾ, ಹೋಸ್ಟಿಂಗ್ (ತಂತ್ರಾಂಶವನ್ನು ಇಡುವ ಸರ್ವರ್‌ನ ಬಾಡಿಗೆ), ಹಳೆಯ ಮಾಹಿತಿಯನ್ನು ಶುಚಿಮಾಡಿ ಸಾಗಿಸುವ ಕೆಲಸ, ತರಬೇತಿ, ಬ್ಯಾಕಪ್. ದಾನಿ, ಸದಸ್ಯರ ದಾಖಲೆ ಇಡುವ ಸಿವಿಸಿಆರ್‌ಎಂ ಮುಕ್ತ ತಂತ್ರಾಂಶ, ಪರವಾನಗಿ ಶುಲ್ಕವಿಲ್ಲ. ಆದರೆ ಅದನ್ನು ಅಪ್‌ಡೇಟ್ ಮಾಡಿ ನೋಡಿಕೊಳ್ಳಲು ತಿಂಗಳಿಗೆ 6 ಗಂಟೆ ಹಿಡಿದರೂ ಮೂರು ವರ್ಷಕ್ಕೆ 216 ಗಂಟೆ; ದಿನಕ್ಕೆ 8 ಗಂಟೆಯಂತೆ 27 ದಿನದ ಸಂಬಳ. ಹೆಚ್ಚಿನ ಬಜೆಟ್‌ಗಳಲ್ಲಿ ಬಿಟ್ಟುಹೋಗುವುದು ಇದೇ ಸಾಲು. ರಿಯಾಯಿತಿ ಕೊಡುವವರನ್ನು ಎರಡು ಕೇಳಿ: ರಿಯಾಯಿತಿ ಎಷ್ಟು ವರ್ಷ, ಬಳಕೆದಾರರು ಹೆಚ್ಚಾದರೆ ದರ ಎಷ್ಟು?

ದಾನವಾಗಿ ಬರುವ ಹಳೆಯ ಕಂಪ್ಯೂಟರೂ ಪುಕ್ಕಟೆಯಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಅದಿಲ್ಲದ ಯಂತ್ರಕ್ಕೆ ಲಿನಕ್ಸ್ ಹಾಕಿ, ಹಾಕುವವರಿಲ್ಲದಿದ್ದರೆ ನಯವಾಗಿ ಬೇಡವೆನ್ನಿ.

ಸಹಿ ಹಾಕುವ ಮುನ್ನ ಹೊರಬರುವ ದಾರಿ ಪರೀಕ್ಷಿಸಿ. 50 ದಾಖಲೆ ತುಂಬಿ, ಸಿಎಸ್‌ವಿ (ಯಾವ ತಂತ್ರಾಂಶವೂ ಓದಬಲ್ಲ ಸರಳ ಪಟ್ಟಿ ಕಡತ) ಆಗಿ ಹೊರತೆಗೆದು ನೋಡಿ. ಆ ಕಡತವನ್ನು ನೇರ ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಫೋನ್ ಸಂಖ್ಯೆಯ ಮೊದಲ ಸೊನ್ನೆಯನ್ನು ನುಂಗಿಬಿಡುತ್ತದೆ, ಕನ್ನಡದ ಹೆಸರುಗಳು ಗೀಚಿದಂತೆ ಕಾಣಬಹುದು. ಕಡತ ಕೆಟ್ಟಿದೆ ಎಂದುಕೊಳ್ಳಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ತಂದುಕೊಂಡು, ಕನ್ನಡ ಅಕ್ಷರ ಸರಿಯಾಗಿ ಓದಿಸುವ ಯುಟಿಎಫ್-8 ಸಂಕೇತ ಕ್ರಮ ಆರಿಸಿ, ಫೋನ್ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿ. ದಾನಿಯ ಹಿಂದಿನ ಕಂತುಗಳೂ ತಾರೀಖು ಸಮೇತ ಬಂದಿವೆಯೇ? ಬರೀ ಹೆಸರು, ವಿಳಾಸ ಬಂದಿದ್ದರೆ ಆ ತಂತ್ರಾಂಶ ಬೇಡ.

‘ಆಡಳಿತ ವೆಚ್ಚ ಜಾಸ್ತಿಯಾಯಿತು’ ಎಂದು ಮಂಡಳಿ ತಕರಾರು ತೆಗೆಯುವುದುಂಟು. ಅಮೆರಿಕದಲ್ಲಿ ದತ್ತಿ ಸಂಸ್ಥೆಗಳ ಮಾಹಿತಿ ಕೊಡುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, ಒಟ್ಟು ಖರ್ಚಿನಲ್ಲಿ ಆಡಳಿತ ವೆಚ್ಚದ ಪ್ರಮಾಣವೊಂದರಿಂದಲೇ ಸಂಸ್ಥೆಯನ್ನು ಅಳೆಯಬೇಡಿ ಎಂದು 2013ರಲ್ಲೇ ದಾನಿಗಳಿಗೆ ಬಹಿರಂಗ ಪತ್ರ ಬರೆದಿದ್ದವು. ಅದಿರಲಿ, ಕ್ಷೇತ್ರ ಕಾರ್ಯಕರ್ತರು ಸಮೀಕ್ಷೆಗೆ ಬಳಸುವ ಟ್ಯಾಬ್ ಯೋಜನೆಯ ನೇರ ಖರ್ಚು. ಅನುದಾನದ ಅರ್ಜಿಯಲ್ಲೇ ಸೇರಿಸಿ.

ಕೊನೆಯದಾಗಿ, ಡೊಮೈನ್ (ವೆಬ್‌ಸೈಟ್ ವಿಳಾಸ) ಮತ್ತು ಅಡ್ಮಿನ್ ಖಾತೆಗಳು ಸಂಸ್ಥೆಯ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಇಬ್ಬರ ಬಳಿ ಇರಲಿ. ಸ್ವಯಂಸೇವಕರೊಬ್ಬರ ಸ್ವಂತ ಇಮೇಲ್‌ನಲ್ಲಿ ನೋಂದಾಯಿಸಿದ್ದರೆ, ಅವರು ಬಿಟ್ಟುಹೋದ ಮೇಲೆ ನವೀಕರಣದ ನೋಟಿಸ್ ಯಾರಿಗೂ ಸಿಗದೆ ವೆಬ್‌ಸೈಟ್, ಮೇಲ್ ಎರಡೂ ಒಂದೇ ದಿನ ನಿಂತುಹೋಗುತ್ತವೆ.