ಸರ್ಕಾರಿ ಕಟ್ಟಡಕ್ಕೆ ಊರಿನ ಮುರಕಲ್ಲು: ಅಂದಾಜು ಪಟ್ಟಿಯಿಂದ ಬಿಲ್ಲಿನವರೆಗೆ

ಕೇಂದ್ರದ 2017ರ ‘ಮೇಕ್ ಇನ್ ಇಂಡಿಯಾ’ ಖರೀದಿ ಆದೇಶದಲ್ಲಿ ‘ಸ್ಥಳೀಯ’ ಎಂದರೆ ದೇಶದೊಳಗಿನದು, ಅಷ್ಟೇ. ಅದನ್ನು ಹಿಡಿದುಕೊಂಡು ಹೋದರೆ ಬಂಟ್ವಾಳದ ಅಂಗನವಾಡಿಗೆ ಪಕ್ಕದ ಕೋರೆಯ ಕಲ್ಲು ಬರುವುದಿಲ್ಲ. ಬರಬೇಕಿದ್ದರೆ ಅಂದಾಜು ಪಟ್ಟಿಯಲ್ಲೇ ಬರೆದಿರಬೇಕು.

‘ಊರಿನ ಕಲ್ಲು’ ಎಂದಷ್ಟೇ ಬರೆದರೆ ಟೆಂಡರಿನಲ್ಲಿ ತಕರಾರು. ‘ಅಥವಾ ತತ್ಸಮಾನ’ ಎಂದು ಸೇರಿಸಿದರೆ ಸಿಮೆಂಟ್ ಬ್ಲಾಕ್ ಬಂದು ಬೀಳುತ್ತದೆ. ಹೀಗೆ ಬರೆಯಿರಿ: ಭಾರತೀಯ ಮಾನಕ ಐಎಸ್ 3620ರ ಪ್ರಕಾರದ ಮುರಕಲ್ಲು (ಲ್ಯಾಟರೈಟ್), 390×190×190 ಮಿ.ಮೀ., ಒತ್ತಡ ತಾಳುವ ಬಲ ಚದರ ಮಿ.ಮೀ.ಗೆ ಕನಿಷ್ಠ 3.5 ನ್ಯೂಟನ್, ನೀರು ಹೀರುವುದು 12% ಮೀರಬಾರದು. ಲೀಡ್ ಪಟ್ಟಿಯಲ್ಲಿ (ಸಾಮಗ್ರಿ ಸಾಗಿಸುವ ದೂರದ ಪಟ್ಟಿ) ಪರವಾನಗಿ ಇರುವ ಹತ್ತಿರದ ಕೋರೆಯ ದೂರವನ್ನೇ ಹಾಕಿ. ಎಸ್.ಆರ್.ನಲ್ಲಿ (ಇಲಾಖೆಯ ದರಪಟ್ಟಿ) ಐಟಂ ಇಲ್ಲದಿದ್ದರೆ ದರ ವಿಶ್ಲೇಷಣೆಗೆ ಟೆಂಡರಿಗೆ ಮೊದಲೇ ಮಂಜೂರಾತಿ ಪಡೆಯಿರಿ.

10 ಮಿ.ಮೀ. ಸಂದು ಹಿಡಿದರೆ 190 ಮಿ.ಮೀ. ದಪ್ಪದ ಗೋಡೆಗೆ ಚದರ ಮೀಟರಿಗೆ 12.5 ಕಲ್ಲು. 100 ಚದರ ಮೀಟರಿಗೆ 1,250. ಒಡೆಯುವುದಕ್ಕೆಂದು 5% ಸೇರಿಸಿದರೆ ಸುಮಾರು 1,310. ಕೋರೆಯಿಂದ ಕೋರೆಗೆ ಅಳತೆ ಬೇರೆ, ಹತ್ತು ಕಲ್ಲಿಗೆ ಟೇಪು ಹಿಡಿದೇ ಲೆಕ್ಕ ಮುಗಿಸಿ.

ಕೆಡುವುದು ಹೆಚ್ಚಾಗಿ ಕಲ್ಲಿನ ಆಯ್ಕೆಯಲ್ಲಿ. ಕೋರೆಯ ತಳದಲ್ಲಿ ಶೇಡಿ ಮಣ್ಣು (ಮುರಕಲ್ಲಿನ ಕೆಳಗಿನ ಮೆತ್ತನೆಯ ಜೇಡಿ ಪದರ) ಹತ್ತಿರವಾದಂತೆ ಕಲ್ಲು ಮೆತ್ತಗಾಗುತ್ತದೆ. ಲಾರಿ ಬಂದಾಗ ಮುಖ ನೋಡಿ: ಬಿಳಿ, ಹಳದಿ ಗಂಟುಗಳಿಗೆ ಉಗುರು ಇಳಿದರೆ ಆ ಕಲ್ಲು ಗೋಡೆಗೆ ಬೇಡ. ಸುತ್ತಿಗೆ ತಾಗಿಸಿದರೆ ‘ಟಣ್’ ಅನ್ನಬೇಕು, ‘ದಬ್’ ಅನ್ನಬಾರದು. ಅನುಮಾನವಿದ್ದರೆ ಚೆನ್ನಾಗಿ ಒಣಗಿಸಿ ತೂಗಿ, 24 ಗಂಟೆ ನೀರಲ್ಲಿಟ್ಟು ಮತ್ತೆ ತೂಗಿ. ಒಣಗಿದಾಗ 28 ಕೆ.ಜಿ. ಇದ್ದದ್ದು 31.36 ಕೆ.ಜಿ. (12% ಹೆಚ್ಚು) ದಾಟಿದರೆ ವಾಪಸ್. ಇದು ಸೈಟಿನ ಅಂದಾಜು ಮಾತ್ರ, ಬಿಲ್ಲಿಗೆ ಪ್ರಯೋಗಾಲಯದ ವರದಿಯೇ ಬೇಕು. ಕಡಿದ ತಕ್ಷಣ ಕಟ್ಟಲೂಬಾರದು. ಗಾಳಿಗೆ ಬಿಟ್ಟಷ್ಟೂ ಮುರಕಲ್ಲು ಗಟ್ಟಿಯಾಗುತ್ತದೆ, ಒಂದು ತಿಂಗಳಾದರೂ ಬಿಡಿ. ಕಟ್ಟುವ ಮುಂಚೆ ನೀರು ಹೊಡೆಯಿರಿ. ಇಲ್ಲದಿದ್ದರೆ ಗಾರೆಯ ನೀರನ್ನು ಕಲ್ಲೇ ಕುಡಿದು ಸಂದು ಪುಡಿಯಾಗುತ್ತದೆ.

ಮಳೆಗಾಲದಲ್ಲಿ ಕೋರೆಗೆ ನೀರು ತುಂಬಿ ಕಡಿಯುವ ಕೆಲಸ ನಿಲ್ಲುತ್ತದೆ. ಜೂನ್‌ನಲ್ಲಿ ಕಾರ್ಯಾದೇಶ ಕೊಟ್ಟು ಕಲ್ಲಿಲ್ಲವೆಂದು ಐಟಂ ಬದಲಿಸುವುದು ಹಳೇ ಆಟ. ಏಪ್ರಿಲ್ ಒಳಗೇ ರಾಶಿ ಹಾಕಿಸಿ.

ಪ್ರತಿ ಲೋಡಿನ ಸಾಗಣೆ ಪರವಾನಗಿಯ ಪ್ರತಿಯನ್ನು ಅಂದೇ ಫೈಲಿಗೆ ಸೇರಿಸಿ. ಅದಿಲ್ಲದಿದ್ದರೆ ಗುತ್ತಿಗೆದಾರರ ಬಿಲ್ಲಿನಿಂದ ರಾಜಧನ ಕಡಿತವಾಗುತ್ತದೆ.